ಒಲೆಯ ಮುಂದೆ ಬರೆದ ಟಿಪ್ಪಣಿಗಳು

ಬೆಳಗಿನ ಜಾವ. ಬೇಕರಿಯ ಹಿಂಬಾಗಿಲು ಅರ್ಧ ತೆರೆದಿದೆ. ಮೊದಲ ಸರದಿಯ ಬ್ರೆಡ್ಡನ್ನು ಒಲೆಯೊಳಗೆ ತಳ್ಳಿ ಆಕೆ ಕೈ ಒರೆಸಿಕೊಳ್ಳುತ್ತಾರೆ. ಮೂಲೆಯಲ್ಲಿ, ಮೈದಾ ಚೀಲಗಳ ಮೇಲೆ, ಹಳೆಯ ಲ್ಯಾಪ್‌ಟಾಪ್ ಸಾಕಿದ ಬೆಕ್ಕಿನಂತೆ ಕಾದು ಕೂತಿದೆ. ಪರದೆಯ ಎಡಕ್ಕೆ ಬೈಬಲ್ಲಿನ ವಚನ, ಬಲಕ್ಕೆ ಆಕೆ ಬರೆಯುತ್ತಿರುವ ಟಿಪ್ಪಣಿ. ಬ್ರೆಡ್ಡು ಬೇಯುವಷ್ಟು ಹೊತ್ತು ಮಾತ್ರ ಆಕೆಯದು.

“ಬ್ರೆಡ್ಡು ಸೀದ್ರೆ ವಾಸನೆ ಬರುತ್ತೆ. ಟಿಪ್ಪಣಿ ಸೀದ್ರೆ ಬರಲ್ಲ ನೋಡಿ, ಅದೇ ಕಷ್ಟ” ಎನ್ನುತ್ತಾರೆ ಬೇಕರಿ ಅಕ್ಕ. ಬೀದಿಯವರೆಲ್ಲ ಕರೆಯುವುದು ಹಾಗೇ.

ಬೈಬಲ್ ಓದುವ ಆ ತಂತ್ರಾಂಶದಲ್ಲಿ ಯಾರು ಬೇಕಾದರೂ ತಮ್ಮ ವಿವರಣೆಯನ್ನು ವಚನಗಳಿಗೆ ಜೋಡಿಸಿ, ಒಂದು ಫೈಲಾಗಿ ಕಟ್ಟಿ, ಉಳಿದ ಓದುಗರಿಗೆ ಪುಕ್ಕಟೆಯಾಗಿ ಹಂಚಬಹುದು. ಪಂಡಿತರ ವ್ಯಾಖ್ಯಾನಗಳ ಪಟ್ಟಿಯಲ್ಲಿ ಆಕೆಯ ಫೈಲೂ ಇದೆ, ದೊಡ್ಡವರ ಸಾಲಿನಲ್ಲಿ ತುದಿಗಾಲ ಮೇಲೆ ನಿಂತ ಮಗುವಿನ ಹಾಗೆ.

ಇದು ಶುರುವಾದದ್ದು ಅತ್ತೆಯಿಂದ. ಅವರ ಕಣ್ಣು ಮಂಜಾದ ಮೇಲೆ ಫೋನು ಬೈಬಲ್ ಓದಿ ಹೇಳತೊಡಗಿತು. ಸಾಲು ಸಾಲಿಗೂ “ಹಾಗಂದ್ರೇನೇ?” ಎಂಬ ಪ್ರಶ್ನೆ. ಉತ್ತರ ಹೇಳಬೇಕಾದ ಸೊಸೆ ಬೇಕರಿಯಲ್ಲಿ, ಮಗ ವಾರಗಟ್ಟಲೆ ಲಾರಿಯ ಮೇಲೆ. ಉತ್ತರವನ್ನೂ ಫೋನೇ ಹೇಳಲಿ ಎಂದು ಸೊಸೆ ಬರೆಯಲು ಕೂತರು.

“ಇವಳು ಬಾಯಲ್ಲಿ ಹೇಳಿದ್ರೆ ನಾಲ್ಕು ಮಾತು ಜಗಳನಾದ್ರೂ ಆಡ್ತಿದ್ದೆ. ಫೋನಿನ ಹತ್ರ ಏನು ಜಗಳ ಆಡ್ಲಿ?” ಅತ್ತೆಯ ದೂರು ಇಂದಿಗೂ ಮುಗಿದಿಲ್ಲ. ಅರ್ಥದಲ್ಲಿ ಅನುಮಾನ ಬಂದರೆ ಅಕ್ಕ ಪಾಸ್ಟರನ್ನು ಕೇಳುತ್ತಾರೆ. ಭಾಷೆಯಲ್ಲಿ ಮಾತ್ರ ಅತ್ತೆಯದೇ ಕೊನೆಯ ಮಾತು. ಅವರಿಗೆ ತಿಳಿಯದ ಸಾಲು ಮನೆಯಿಂದ ಹೊರಗೆ ಹೋಗುವುದಿಲ್ಲ.

ಬೈಬಲ್ಲಿನ ಕೀರ್ತನೆಗಳ ಪುಸ್ತಕಕ್ಕೆ ಟಿಪ್ಪಣಿ ಮುಗಿದಾಗ ಪಾಸ್ಟರೇ ಹಂಚಲು ಹೇಳಿದರು. ಕಳಿಸುವಾಗ ‘ಬರೆದವರು’ ಎಂಬ ಚೌಕವೊಂದು ಎದುರಾಯಿತು. ಅಕ್ಕ ಅದನ್ನು ಖಾಲಿ ಬಿಟ್ಟರು. “ದೇವರ ಮಾತಿನ ಪಕ್ಕ ನನ್ನ ಹೆಸರು ಯಾಕೆ ಅನ್ನಿಸ್ತು. ದೊಡ್ಡ ಗುಣ ಅಂದ್ಕೊಂಡಿದ್ದೆ” ಎಂದು ನಗುತ್ತಾರೆ.

ಆ ಖಾಲಿ ಚೌಕ ಎಷ್ಟು ದುಬಾರಿ ಎಂದು ಗೊತ್ತಾದದ್ದು ಬಹಳ ತಡವಾಗಿ. ಅಕ್ಕ ಓದುವ ಬೈಬಲ್ಲಿನಲ್ಲಿ ಕೀರ್ತನೆಯ ತಲೆಬರಹಕ್ಕೆ, ಅಂದರೆ ಯಾರು ಯಾವಾಗ ಹಾಡಿದ್ದು ಎನ್ನುವ ಮೇಲಿನ ಸಾಲಿಗೆ, ವಚನದ ಸಂಖ್ಯೆ ಇಲ್ಲ. ಬೇರೆ ಕೆಲವು ಭಾಷಾಂತರಗಳಲ್ಲಿ ತಲೆಬರಹವೇ ಎಷ್ಟೋ ಕಡೆ ಮೊದಲ ವಚನ. ಅಲ್ಲಿ ಎಲ್ಲ ವಚನಗಳೂ ಒಂದು ಮೆಟ್ಟಿಲು ಕೆಳಗಿಳಿಯುತ್ತವೆ. ತಂತ್ರಾಂಶ ನೋಡುವುದು ಸಂಖ್ಯೆಯನ್ನು ಮಾತ್ರ. ಹೀಗಾಗಿ ಆ ಭಾಷಾಂತರ ಓದುವವರಿಗೆ ಒಂದು ವಚನದ ಟಿಪ್ಪಣಿ ಇನ್ನೊಂದರ ಪಕ್ಕ ಹೋಗಿ ಕೂತಿತು.

ಒಂದು ಬೆಳಿಗ್ಗೆ ಬೇಕರಿಯ ಹಿಂಬಾಗಿಲಿಗೆ ಅಪರಿಚಿತ ಬಸ್ ಚಾಲಕರೊಬ್ಬರು ಬಂದು ನಿಂತರು. ಆಸ್ಪತ್ರೆಯಲ್ಲಿ ನಿದ್ದೆಯಿಲ್ಲದೆ ಮಲಗಿದ್ದ ಹೆಂಡತಿಗೆ ಅವರು ಈ ಫೈಲಿನಿಂದ ಓದಿ ಹೇಳುತ್ತಿದ್ದರಂತೆ.

“ಮೂರನೇ ಕೀರ್ತನೆ, ನೆಮ್ಮದಿಯಾಗಿ ನಿದ್ದೆ ಮಾಡೋ ವಚನ. ಪಕ್ಕದ ಟಿಪ್ಪಣಿ ನೋಡಿದ್ರೆ, ಸುತ್ತಲೂ ಶತ್ರುಗಳು ಮುತ್ತಿದಾರೆ ಅಂತ. ಅವಳು ಹೆದರಿ, ದೀಪ ಆರಿಸಬೇಡಿ ಅಂದ್ಲಮ್ಮಾ.”

“ಬೈಯೋಕೆ ಬಂದ್ರಾ?” ಎಂದು ಅಕ್ಕ ಕೇಳಿದರು.

“ಇಲ್ಲ. ನಿಮ್ಮ ಮಾತು ಅವಳಿಗೆ ಹಿಡಿಸಿದೆ. ಅದದರ ಜಾಗಕ್ಕೆ ಕೂರಿಸಿಕೊಡಿ.”

ಫೈಲಿನಲ್ಲಿ ಹೆಸರಿಲ್ಲ. ಚಾಲಕರು ತಮಗೆ ಫೈಲು ಕೊಟ್ಟವರನ್ನು ಕೇಳಿದ್ದಾರೆ, ಅವರು ತಮಗೆ ಕೊಟ್ಟವರನ್ನು ತೋರಿಸಿದ್ದಾರೆ. ಹಾಗೆ ಬಾಗಿಲಿಂದ ಬಾಗಿಲಿಗೆ ಅಲೆದು ಬೇಕರಿ ತಲುಪುವಷ್ಟರಲ್ಲಿ ತಿಂಗಳುಗಳೇ ಕಳೆದು, ಹೆಂಡತಿ ಮನೆಗೆ ಮರಳಿದ್ದರು. ನಿದ್ದೆ ಮಾತ್ರ ಇನ್ನೂ ಮರಳಿರಲಿಲ್ಲ.

ಅಂದಿನಿಂದ ಅಕ್ಕ ಆ ಭಾಷಾಂತರಗಳಿಗೆಂದೇ ಬೇರೆ ಫೈಲು ಕಟ್ಟುತ್ತಿದ್ದಾರೆ. ಎಲ್ಲವನ್ನೂ ಒಂದೇ ಏಟಿಗೆ ಸರಿಸುವಂತಿಲ್ಲ. ಕೆಲವು ಕೀರ್ತನೆಗಳಿಗೆ ತಲೆಬರಹವೇ ಇಲ್ಲ, ಕೆಲವುಗಳದ್ದು ಎರಡು ವಚನದಷ್ಟು ಉದ್ದ. ಒಂದೊಂದನ್ನೂ ಕಣ್ಣಿಟ್ಟು ನೋಡಬೇಕು. ಮುಗಿದಷ್ಟನ್ನು ಆಗಾಗ ಹಂಚುತ್ತಾರೆ. ಆದರೆ ಹಳೆಯ ಫೈಲು ಯಾರ ಯಾರ ಫೋನಿನಲ್ಲಿದೆಯೋ ಆಕೆಗೆ ಗೊತ್ತಿಲ್ಲ.

“ಬ್ರೆಡ್ಡಾಗಿದ್ರೆ ಎರಡು ದಿನಕ್ಕೆ ಹಳಸಿ ಹೋಗ್ತಿತ್ತು. ಇದು ಹಳಸಲ್ಲ, ವಾಪಸ್ ಕರೆದ್ರೂ ಬರಲ್ಲ. ಇನ್ನೂ ಎಲ್ಲೋ ಯಾರೋ ಅದನ್ನೇ ಓದ್ತಿರ್ತಾರೆ. ಅವರು ಹಳೇದು ತೆಗೆದು ಹೊಸದು ಹಾಕ್ಕೊಂಡ್ರೆ ಸಾಕು ನನಗೆ.”

ಹೊಸ ಫೈಲಿನಲ್ಲಿ ‘ಬರೆದವರು’ ಚೌಕ ಈಗ ಖಾಲಿಯಿಲ್ಲ. ‘ಬೇಕರಿ ಅಕ್ಕ’ ಎಂದಿದೆ, ಕೆಳಗೆ ಫೋನ್ ಸಂಖ್ಯೆ. ಜೊತೆಗೊಂದು ಸಾಲು: ತಪ್ಪು ಕಂಡರೆ ಹೇಳಿ, ಒಲೆ ಆರಿದ ಮೇಲೆ.

“ಹೆಸರು ಹಾಕಿದ್ದೇ ಬೈಸಿಕೊಳ್ಳೋಕೆ” ಎಂದು ಅತ್ತೆ ಛೇಡಿಸುತ್ತಾರಂತೆ. ಮೊನ್ನೆ ಮೊದಲ ಕರೆ ಬಂದಿದೆ. ಮಾತಾಡಿದ್ದು ಚಾಲಕರ ಹೆಂಡತಿ. ಮೂರನೆಯ ಕೀರ್ತನೆ ಸರಿಯಾಗಿದೆ, ಐವತ್ತೊಂದರಲ್ಲಿ ಇನ್ನೂ ಆಚೀಚೆ ಆಗಿದೆ ಎಂದರಂತೆ.

ಒಲೆಯ ಗಂಟೆ ಹೊಡೆಯುತ್ತದೆ. ಅಕ್ಕ ಲ್ಯಾಪ್‌ಟಾಪ್ ಮುಚ್ಚಿ ಕೈಗವಸು ಹಾಕಿಕೊಳ್ಳುತ್ತಾರೆ.

“ತಪ್ಪು ಹೇಳಿದ್ರು ಅಂತ ಬೇಜಾರಿಲ್ಲ. ಐವತ್ತೊಂದರವರೆಗೂ ಓದಿದಾರೆ ಅಂತಾಯ್ತಲ್ಲ.”