ಎಂಜಿನ್ ಬಾಯಿಗೆ ಕೊಟ್ಟ ಕೈ

ಕೀ ತಿರುಗಿಸಿ ಆಫ್ ಮಾಡಿದ ಮೇಲೂ ಗಾಡಿ ಆಫ್ ಆಗದಿದ್ದರೆ ಏನು ಮಾಡುತ್ತೀರಿ?

ನಗಬೇಡಿ. ಹೋದ ತಿಂಗಳು ಯಾರಾದರೂ ಹೀಗೆ ಕೇಳಿದ್ದರೆ ನಾನೂ ನಗುತ್ತಿದ್ದೆ.

ಚೋರನೂರಿನಲ್ಲಿ ನಮ್ಮ ಚಿಕ್ಕಪ್ಪನ ಮಗಳ ಸೀಮಂತ. ಹೊಸಪೇಟೆಯಿಂದ ಮಿನಿಬಸ್ ಮಾಡಿಕೊಂಡು ಹೊರಟಿದ್ದೆವು. ಬಸ್ಸಿನ ತುಂಬ ನೆಂಟರು, ಹೂವಿನ ಬುಟ್ಟಿ, ಚಕ್ಕುಲಿ ಡಬ್ಬಿ. ಕೊನೆಯ ಸೀಟಿನಲ್ಲಿ ದೊಡ್ಡಮ್ಮ. ಮೊಣಕಾಲಿನ ಆಪರೇಷನ್ ಆದವರು. ಅವರನ್ನು ಬಸ್ ಹತ್ತಿಸುವುದೇ ಒಂದು ಪ್ರಾಜೆಕ್ಟ್. ಡ್ರೈವರ್ ವಿರೂಪಾಕ್ಷಿ ನಮ್ಮ ಬೀದಿಯವನೇ. ಮದುವೆಗೂ ಆಸ್ಪತ್ರೆಗೂ ನಾವು ಕರೆಯುವುದು ಅವನನ್ನೇ. (ಗಾಡಿ ಅವನದಲ್ಲ. ಓನರ್ ಬೇರೆ.)

ಅವತ್ತು ಅವನ ಮುಖ ಸಪ್ಪಗಿತ್ತು.

"ಗಾಡಿ ಆಯಿಲ್ ಕುಡಿಯಾಕತ್ತೈತಿ ಅಕ್ಕಾ. ಟರ್ಬೋ ಬಿಚ್ಚಿಸಿ ನೋಡ್ರಿ ಅಂತ ಓನರ್‌ಗೆ ಹೇಳಿ ಹೇಳಿ ಸಾಕಾತು."

"ಅವರೇನಂತಾರೆ?"

"ಓಡಾಕತ್ತೈತಲ್ಲ ಅಂತಾರ."

ಸಂಡೂರು ದಾಟಿ ಏರು ಹತ್ತುವಾಗ ಎಂಜಿನ್ನಿನ ದನಿ ಬದಲಾಯಿತು. ವಿರೂಪಾಕ್ಷಿ ಆಕ್ಸಿಲರೇಟರ್‌ನಿಂದ ಕಾಲು ತೆಗೆದ. ಸದ್ದು ಇಳಿಯುವ ಬದಲು ಏರಿತು. ಬಸ್ಸನ್ನು ಬದಿಗೆ ನಿಲ್ಲಿಸಿ ಕೀ ಆಫ್ ಮಾಡಿದ. ಎಂಜಿನ್ ಕಿರುಚುತ್ತಲೇ ಇತ್ತು. ಬಸ್ಸಿನ ಸುತ್ತ ದಟ್ಟ ಬಿಳಿ ಹೊಗೆ.

"ಇಳೀರಿ! ಜಲ್ದಿ ಇಳೀರಿ! ಎಂಜಿನ್ ಒಡಿತೈತಿ!"

ಟಾಪ್ ಗೇರ್ ಹಾಕಿ, ಬ್ರೇಕ್ ತುಳಿದು, ಕ್ಲಚ್ ಬಿಟ್ಟು ನೋಡಿದ. ಸವೆದ ಕ್ಲಚ್ ಸುಟ್ಟ ವಾಸನೆ ಬಂತೇ ಹೊರತು ಎಂಜಿನ್ ನಿಲ್ಲಲಿಲ್ಲ.

ಯಾಕೆ ನಿಲ್ಲಲಿಲ್ಲ? ಆಮೇಲೆ ಮೆಕ್ಯಾನಿಕ್ ಹೇಳಿದ್ದು ಇಷ್ಟು. ಎಂಜಿನ್ನಿಗೆ ಗಾಳಿ ತಳ್ಳುವ ಚಕ್ರವಾದ ಟರ್ಬೋ ಹಾಳಾದರೆ ಎಂಜಿನ್ ಆಯಿಲ್ ಆ ಗಾಳಿಯ ಜೊತೆ ಒಳಗೆ ಸೇರುತ್ತದೆ. ಎಂಜಿನ್ ಅದನ್ನೇ ಡೀಸೆಲ್‌ನಂತೆ ಉರಿಸಿಕೊಂಡು ಹುಚ್ಚೆದ್ದು ಓಡುತ್ತದೆ. ಕೀ ನಿಲ್ಲಿಸುವುದು ಡೀಸೆಲ್ಲನ್ನು ಮಾತ್ರ. ಆಗ ಇರುವ ದಾರಿ ಒಂದೇ, ಗಾಳಿ ಬಂದ್ ಮಾಡುವುದು. ಅದಕ್ಕೆಂದೇ ಗಾಳಿಯ ಪೈಪಿನಲ್ಲಿ ಕೂರಿಸುವ ಒಂದು ವಾಲ್ವ್ ಇದೆ. ಸೀಟಿನ ಪಕ್ಕದ ಹಿಡಿ ಎಳೆದರೆ ಮುಚ್ಚಳ ಬೀಳುತ್ತದೆ, ಎಂಜಿನ್ ಉಸಿರು ಕಟ್ಟಿ ನಿಲ್ಲುತ್ತದೆ. ತಾನಾಗಿಯೇ ಮುಚ್ಚಿಕೊಳ್ಳುವಂಥವೂ ಇವೆಯಂತೆ. ಸೋರಿದ ಗ್ಯಾಸನ್ನೂ ಎಂಜಿನ್ ಹೀಗೇ ಎಳೆದುಕೊಳ್ಳುವ ಭಯವಿರುವ ಕೆಲವು ಫ್ಯಾಕ್ಟರಿಗಳಲ್ಲಿ ಇದಿಲ್ಲದ ಗಾಡಿಯನ್ನು ಗೇಟಿನೊಳಗೇ ಬಿಡುವುದಿಲ್ಲ.

ನಮ್ಮ ಬಸ್ಸಿನಲ್ಲಿ? ಇರಲಿಲ್ಲ.

ಉಳಿದವರೆಲ್ಲ ಇಳಿದಿದ್ದರು. ನಾನೂ ನನ್ನ ತಮ್ಮನೂ ದೊಡ್ಡಮ್ಮನ ಕಂಕುಳಿಗೆ ಕೈ ಹಾಕಿ ಎಳೆಯುತ್ತಿದ್ದೆವು. ಅವರ ಮಡಚಲಾಗದ ಕಾಲು ಸೀಟುಗಳ ನಡುವೆ ಸಿಕ್ಕಿಕೊಂಡಿತ್ತು. ಹೊಗೆಯಲ್ಲಿ ಬಾಗಿಲೂ ಕಾಣುತ್ತಿರಲಿಲ್ಲ.

"ಅಕ್ಕಾ, ದೊಡ್ಡವ್ವ ಇಳಿದ್ರಾ?" ಮುಂದಿನಿಂದ ವಿರೂಪಾಕ್ಷಿಯ ಕೂಗು.

"ಇಲ್ಲ!" ಅಂದೆ.

ಆ ಒಂದು ಪದ ಈಗಲೂ ನನ್ನ ನಿದ್ದೆ ಕೆಡಿಸುತ್ತದೆ.

ಅವನು ಇಳಿದು ಓಡಬಹುದಿತ್ತು. ಅವನ ಬಾಗಿಲು ತೆರೆದೇ ಇತ್ತು. ಓಡಲಿಲ್ಲ. ಸೀಟಿನ ಪಕ್ಕದ ಎಂಜಿನ್ ಕವರ್ ಎತ್ತಿ, ಗಾಳಿಯ ರಬ್ಬರ್ ಪೈಪ್ ಕಿತ್ತು, ಹೆಗಲ ಮೇಲಿನ ಟವೆಲ್ಲನ್ನು ಮುದ್ದೆ ಮಾಡಿ ಟರ್ಬೋ ಬಾಯಿಗೆ ತುರುಕಿದ. ಒಳಗೆ ಗಿರ್ರನೆ ತಿರುಗುತ್ತಿದ್ದ ಚಕ್ರ ಟವೆಲ್ಲನ್ನು ಎಳೆದುಕೊಂಡಿತು. ಜೊತೆಗೆ ಅವನ ಎಡಗೈ ಬೆರಳುಗಳನ್ನೂ.

ಎಂಜಿನ್ ಕೆಮ್ಮಿ ನಿಂತಿತು. ಆಗ ಅವನ ಚೀರಾಟ ಕೇಳಿಸಿತು. ಎಷ್ಟು ಹೊತ್ತಿನಿಂದ ಚೀರುತ್ತಿದ್ದನೋ, ಆ ಸದ್ದಿನಲ್ಲಿ ನಮಗೆ ಗೊತ್ತೇ ಆಗಿರಲಿಲ್ಲ.

ಸಂಡೂರಿಗೆ ಕರೆದೊಯ್ದೆವು, ಅಲ್ಲಿಂದ ಬಳ್ಳಾರಿಗೆ. ಆ ಕೈಯಲ್ಲಿ ಹೆಬ್ಬೆರಳೊಂದನ್ನು ಮಾತ್ರ ಉಳಿಸಿದರು ಡಾಕ್ಟರು.

ಮೊನ್ನೆ ದೊಡ್ಡಮ್ಮ ಹಟ ಹಿಡಿದು ನನ್ನ ಜೊತೆ ಅವನ ಮನೆಗೆ ಬಂದರು. ಹೆಂಡತಿ ಶಾಂತಮ್ಮ ಅವನ ಅಂಗಿಯ ಗುಂಡಿ ಹಾಕುತ್ತಿದ್ದಳು. ದೊಡ್ಡಮ್ಮ ಅವನ ಬ್ಯಾಂಡೇಜ್ ನೋಡಿದ್ದೇ ಅತ್ತುಬಿಟ್ಟರು.

"ನನ್ನ ಬಿಟ್ಟು ಓಡಬೇಕಿತ್ತಪ್ಪಾ. ವಯಸ್ಸಾದಾಕಿ ನಾನು."

"ಹಂಗ ಅನಬ್ಯಾಡ್ರಿ," ಅಂದ ಅವನು. ಬ್ಯಾಂಡೇಜ್ ಕಡೆ ನೋಡುತ್ತ, "ಗೇರ್ ಹಿಡಿಯೋ ಕೈನ ಹೋತು ನೋಡ್ರಿ," ಅಂದ.

ಶಾಂತಮ್ಮ ಚಹಾ ತರುತ್ತೇನೆಂದು ಒಳಗೆ ಹೋದಳು. ಬಹಳ ಹೊತ್ತು ಹೊರಗೆ ಬರಲಿಲ್ಲ.

ನಮ್ಮ ಬೀದಿಯ ವಾಟ್ಸಾಪ್ ಗ್ರೂಪಿನಲ್ಲಿ ಈಗ ಅವನೇ ಹೀರೋ. ಅವನ ಫೋಟೋ ಕೆಳಗೆ ಕೈಮುಗಿಯುವ ಚಿತ್ರಗಳ ಸಾಲು. (ನಾನೂ ಒಂದು ಹಾಕಿದೆ.) ಅಷ್ಟು ಜನರಲ್ಲಿ ಒಬ್ಬರಾದರೂ ಆ ವಾಲ್ವ್ ಯಾಕಿರಲಿಲ್ಲ ಎಂದು ಕೇಳಿದರಾ? ಒಂದು ಮುಚ್ಚಳ ಮಾಡಬೇಕಾದ ಕೆಲಸವನ್ನು ಮನುಷ್ಯನ ಕೈ ಮಾಡಿದರೆ ಅದನ್ನು ಧೈರ್ಯ ಎಂದು ಹೊಗಳಿ ಮುಂದಿನ ಮೆಸೇಜಿಗೆ ಹೋಗುತ್ತೇವೆ.

ಬಸ್ ರಿಪೇರಿಯಾಗಿದೆ. ನಿನ್ನೆ ಮರಿಯಮ್ಮನಹಳ್ಳಿ ರಸ್ತೆಯಲ್ಲಿ ಕಂಡೆ. ಸ್ಟೇರಿಂಗ್ ಹಿಂದೆ ಹೊಸ ಮುಖ. ತಡೆಯಲಾಗದೆ ಓನರ್‌ಗೆ ಫೋನ್ ಮಾಡಿ, ಈಗಲಾದರೂ ವಾಲ್ವ್ ಹಾಕಿಸಿದಿರಾ ಎಂದು ಕೇಳಿದೆ.

"ಅದೆಲ್ಲ ಯಾಕ್ರಿ ಮೇಡಂ? ಈ ಡ್ರೈವರೂ ಭಾಳ ಧೈರ್ಯವಂತ ಅದಾನ."