ಒಂದು ಗುಳ್ಳೆಯೂ ಏಳದ ಕೈ

ಎದ್ದಾಗಿನಿಂದ ಗಾರ್ಡಕ್ಕನಿಗೆ ಒಂದೇ ಚಿಂತೆ: ಇವತ್ತು ಸೀನು ಬಂದುಬಿಟ್ಟರೆ? ಯಾರೊಡನೆಯೂ ಹೇಳಿಕೊಳ್ಳುವಂಥ ಚಿಂತೆಯಲ್ಲ ಇದು, ಕೇಳಿದವರು ನಕ್ಕಾರು. ಆದರೆ ಫೋನಿನ ಗಾಜಿಗೂ ಅದರ ಮೇಲೆ ಇಳಿಯುತ್ತಿರುವ ಫಿಲ್ಮಿಗೂ ನಡುವೆ ಕೂದಲೆಳೆಯಷ್ಟು ಜಾಗ ಉಳಿದಿರುವಾಗ ಸೀನಿದರೆ ಫಿಲ್ಮ್ ಹಾಳು, ಗಿರಾಕಿಯ ಮುಖ ಹಾಳು, ಇಡೀ ದಿನ ಹಾಳು. ನೆಗಡಿ ಹಿಡಿದ ಮೂಗಿನ ಮೇಲೆ ಬಟ್ಟೆ ಕಟ್ಟಿಕೊಂಡು, ಬೀದಿ ಗುಡಿಸುವವರು ಬರುವ ಮೊದಲೇ ಅವಳು ಅಂಗಡಿಯ ಶಟರ್ ಅರ್ಧ ಎತ್ತಿ ಒಳಗೆ ನುಸುಳುತ್ತಾಳೆ.

ಬೆಳಕು ಹರಿಯುವ ಈ ಹೊತ್ತಿನಲ್ಲಿ ಧೂಳಿಗೂ ಇನ್ನೂ ನಿದ್ದೆ. ಗಾರ್ಡಕ್ಕ ಫ್ಯಾನ್ ಹಾಕುವುದಿಲ್ಲ. ಮೂಲೆಯ ಕೆಟಲ್‌ನಲ್ಲಿ ನೀರು ಕುದಿಸಿ, ಮುಚ್ಚಳ ತೆಗೆದು, ಹಬೆಯನ್ನು ಕೋಣೆಯ ತುಂಬ ಬಿಡುತ್ತಾಳೆ. ಗಾಳಿಯಲ್ಲಿ ಅಲೆಯುವ ಕಣಗಳು ಒದ್ದೆಯಾಗಿ ನೆಲ ಹಿಡಿಯುತ್ತವೆ. ನವಿರೆಳೆ ಹಾರದಿರಲಿ ಎಂದು ತೋಳಿನ ಬಟ್ಟೆಗೂ ನೀರು ಸವರಿಕೊಳ್ಳುತ್ತಾಳೆ. ಮೊದಲು ಸ್ಪಿರಿಟ್, ಆಮೇಲೆ ಒಣಬಟ್ಟೆ, ಕೊನೆಗೆ ಟೇಪಿನ ತುಂಡಿನಿಂದ ಗಾಜನ್ನು ತಟ್ಟಿ ತಟ್ಟಿ ಉಳಿದ ಕಣ ಎತ್ತುವುದು. ಉಸಿರು ಬಿಗಿಹಿಡಿದು ಒಂದು ಅಂಚಿನಿಂದ ಫಿಲ್ಮ್ ಇಳಿಸಿದರೆ ಅದು ತಾನೇ ತಾನಾಗಿ ನೀರಿನ ಹಾಗೆ ಹರಡಿಕೊಳ್ಳುತ್ತದೆ.

"ಚೆನ್ನಾಗಿ ಕೂತ್ರೆ ಯಾರಿಗೂ ಕಾಣಲ್ಲ. ಕಂಡ್ರೆ ಕೆಟ್ಟಿದೆ ಅಂತ್ಲೇ ಲೆಕ್ಕ" ಎನ್ನುತ್ತಾಳೆ. "ಅದಕ್ಕೇ ನನ್ನ ಒಳ್ಳೇ ಕೆಲಸಾನ ಈ ಊರಲ್ಲಿ ಒಬ್ರೂ ನೋಡಿಲ್ಲ. ಬೈಯೋಕೆ ಮಾತ್ರ ಎಲ್ರೂ ನೋಡ್ತಾರೆ."

ಸ್ಕ್ರೀನ್ ಗಾರ್ಡ್ ಅಂಟಿಸುವವಳಾದ್ದರಿಂದ ಗಾರ್ಡಕ್ಕ. ಆ ಹೆಸರು ಇಟ್ಟದ್ದು ಪಕ್ಕದ ಬೀಗದ ಅಂಗಡಿಯವನು. "ನಮ್ಮಿಬ್ರದ್ದೂ ಕಾವಲು ಕೆಲ್ಸಾನೇ ಕಣಕ್ಕ. ನನ್ನ ಬೀಗಕ್ಕೆ ಬೆಲೆ ಇದೆ, ನಿನ್ನ ಹಾಳೆಗೆ ಚೌಕಾಸಿ" ಎಂದು ಅವನು ರೇಗಿಸುತ್ತಾನೆ. ಸುಳ್ಳೇನಲ್ಲ. ಕಣ್ಣಿನ ಮುಂದಿನಿಂದ ಫೋನ್ ಇಳಿಸದೆಯೇ ಬರುವ ಜನ ಅದನ್ನು ಅವಳ ಮೇಜಿನ ಮೇಲೆ ಎಸೆಯುತ್ತಾರೆ. ಅವಳ ಮುಖ ನೋಡುವುದಿಲ್ಲ. "ಬೇಗ ಆಗ್ಲಿ, ಅಂಟ್ಸೋದು ತಾನೆ" ಎನ್ನುತ್ತಾರೆ. ತಾವೇ ಉಗುರು ಹಾಕಿ ಅಂಚು ಕಿತ್ತು, ಒಳಗೆ ಜಿಡ್ಡು ಸೇರಿಸಿಕೊಂಡು ಬಂದು, "ಏನಮ್ಮ ನಿನ್ನ ಕೆಲ್ಸ" ಎಂದು ಹತ್ತು ಜನರೆದುರು ಕೂಗುತ್ತಾರೆ. ಅವಳು ತಲೆ ತಗ್ಗಿಸಿ ಹೊಸ ಫಿಲ್ಮ್ ಬಿಡಿಸುತ್ತಾಳೆ. ಹಲ್ಲು ಕಚ್ಚಿ ಕಚ್ಚಿ ಸಂಜೆಯ ಹೊತ್ತಿಗೆ ದವಡೆ ನೋಯುತ್ತದೆ. ಕೆನ್ನೆ ಒತ್ತಿಕೊಳ್ಳುವುದನ್ನು ಕಂಡವರು ಹಲ್ಲುನೋವಿಗೆ ಲವಂಗ ಇಟ್ಟುಕೋ ಎನ್ನುತ್ತಾರೆ.

ಅಂಗಡಿ ಅವಳ ಭಾವನದು. ತಾಯಿ ತೀರಿಕೊಂಡ ಮೇಲೆ ಅಕ್ಕನ ಮನೆಯೇ ಮನೆ. ಮಕ್ಕಳು ಮಲಗುವ ಕೋಣೆಯಲ್ಲಿ ಕಿಟಕಿಯ ಪಕ್ಕದ ಒಂದು ಹಾಸಿಗೆ, ಅಂಗಡಿಯಲ್ಲಿ ಬೆನ್ನಿಗೆ ಆಸರೆಯಿಲ್ಲದ ಒಂದು ಸ್ಟೂಲು; ಇಷ್ಟೇ ಅವಳದು. ಎರಡೂ ಕೊಟ್ಟವನು ಭಾವ. ಹೊರಡುವಾಗ ಅಕ್ಕ ದಿನವೂ ಅದನ್ನೇ ನೆನಪಿಸುತ್ತಾಳೆ: "ಅಂಗಡೀಲಿ ಬಾಯಿ ಬಿಗಿಹಿಡ್ಕೊಂಡಿರೇ. ಅವರ ಸಿಟ್ಟು ಮನೇಗೆ ಬಂದ್ರೆ ಅನುಭವಿಸೋಳು ನಾನು."

ಬಾಯಿ ಬಿಗಿಹಿಡಿಯಬೇಕಾದ ಸಂಗತಿ ಅಂಗಡಿಯ ಹಿಂದಿನ ಮೇಜಿನ ಮೇಲಿದೆ. ಅಲ್ಲಿ ಭಾವ ಅಗ್ಗಕ್ಕೆ ಕೊಂಡುತಂದ ಹಳೆಯ ಫೋನುಗಳಿವೆ. ಕೆಲವುಗಳ ಗಾಜಿನಲ್ಲಿ ನವಿರಾದ ಸೀಳು. ಮೆತ್ತನೆಯ ಫಿಲ್ಮಿನ ಅಂಟು ಆ ಸೀಳಿನೊಳಗೆ ಇಳಿದು ತುಂಬಿಕೊಂಡರೆ ಗೆರೆ ಮಾಯ. ಬೇರೆಯವರು ಅಂಟಿಸಿದರೆ ಎಲ್ಲೋ ಒಂದು ಕಡೆ ಗುಳ್ಳೆ ನಿಂತು ಗುಟ್ಟು ಬಿಟ್ಟುಕೊಡುತ್ತದೆ. ಗಾರ್ಡಕ್ಕನ ಕೈಯಲ್ಲಿ ಗುಳ್ಳೆ ಏಳುವುದೇ ಇಲ್ಲ. ಅಂದರೆ ಅವಳ ಕೆಲಸ ಎಷ್ಟು ಚೊಕ್ಕವೋ ಭಾವನ ಸುಳ್ಳೂ ಅಷ್ಟೇ ಚೊಕ್ಕ.

ಕಳೆದ ವಾರ ಹೆಬ್ಬೆರಳಿಗೆ ಪಟ್ಟಿ ಸುತ್ತಿಕೊಂಡು ಒಬ್ಬ ವ್ಯಾನ್ ಚಾಲಕ ಬಂದಿದ್ದ. ಇಲ್ಲಿ ಕೊಂಡ ಹಳೆಯ ಫೋನಿನ ಗಾಜು ಅಂಚಿನಲ್ಲಿ ಕಿತ್ತುಬಂದು ಬೆರಳೊಳಗೆ ಹೊಕ್ಕಿತ್ತು. ಭಾವ ಕುರ್ಚಿಯಿಂದ ಏಳಲೂ ಇಲ್ಲ. "ಫೋನ್ ಚಿನ್ನದಂಗಿತ್ತು ಕಣ್ರೀ. ಇವಳು ಅಂಟ್ಸೋವಾಗ ಗಟ್ಟಿಯಾಗಿ ಒತ್ಬಿಟ್ಟಿರ್ತಾಳೆ" ಎಂದ. ಚಾಲಕ ಅವಳ ಕಡೆ ತಿರುಗಿ, "ಕಣ್ಣು ಎಲ್ಲಿಟ್ಕೊಂಡು ಕೆಲಸ ಮಾಡ್ತೀಯಮ್ಮ?" ಎಂದ.

"ಸುಳ್ಳು ಅವ್ರದ್ದು, ಬೈಗುಳ ನಂಗೆ. ಹೋಗ್ಲಿ, ಅದೂ ಅಭ್ಯಾಸ ಆಗಿದೆ" ಎನ್ನುವಾಗ ಅವಳ ದನಿ ನಡುಗುತ್ತದೆ, ಅಳುವಿನಿಂದಲ್ಲ. "ಆದ್ರೆ ಒತ್ಬಿಟ್ಟೆ ಅಂದ್ರಲ್ಲ! ನಾನು? ಒಂದು ಗಾಜನ್ನಾದ್ರೂ ಯಾವತ್ತಾದ್ರೂ ನಾನು ಒತ್ತಿದ್ದೀನಾ?"

ಗಿರಾಕಿಗಳು ಬರತೊಡಗುತ್ತಾರೆ. ಭಾವನೂ ಬಂದು ಫ್ಯಾನ್ ಹಾಕುತ್ತಾನೆ. ಬೇಡವೆಂದು ಸಾವಿರ ಸಲ ಹೇಳಿದರೂ ಹಾಕುತ್ತಾನೆ. ಎದುರು ಸಾಲಿನ ದರ್ಜಿ ಹೆಂಗಸು ಅಳತೆ ಟೇಪನ್ನು ಕುತ್ತಿಗೆಯಲ್ಲೇ ನೇತುಹಾಕಿಕೊಂಡು ಒಳಗೆ ಬಂದು, ಹಳೆಯದರಲ್ಲೇ ಒಂದು ಒಳ್ಳೆಯ ಫೋನ್ ಬೇಕೆನ್ನುತ್ತಾಳೆ. ಭಾವ ಹಿಂದಿನ ಮೇಜಿನಿಂದ ಒಂದನ್ನು ತಂದು ಅಂಗೈಯಲ್ಲಿ ಹೊಳೆಯಿಸುತ್ತಾನೆ. ಗಾರ್ಡಕ್ಕ ಬೆಳಗ್ಗೆ, ಆ ಹಬೆಯ ನಡುವೆ, ಉಸಿರು ಹಿಡಿದು ಮುಗಿಸಿದ ಫೋನ್ ಅದು.

"ಹೊಸದರಂಗೇ ಇದೆಯಲ್ಲ!" ಎಂದು ದರ್ಜಿ ಅದರ ಮೇಲೆ ಹೆಬ್ಬೆರಳು ಸವರುತ್ತಾಳೆ. ಸೂಜಿ ಹಿಡಿದು ಗಡುಸಾದ ಬೆರಳು. "ಆಮೇಲೆ ಗಾಜು ಗೀಜು ಏಳಲ್ಲ ತಾನೆ? ಬೆರಳು ಕುಯ್ದುಕೊಂಡ್ರೆ ನನ್ನ ಸೂಜಿ ಯಾರು ಹಿಡೀತಾರೆ?"

"ಒಂದು ಗೀರು ತೋರ್ಸಿ, ಫೋನ್ ಸುಮ್ನೆ ತಗೊಂಡ್ಹೋಗಿ" ಎಂದು ಭಾವ ನಗುತ್ತಾನೆ. "ನನ್ನ ಮಾತು ಬೇಡ, ನಮ್ಮ ನಾದಿನೀನೇ ಕೇಳಿ. ಅವಳು ಬಾಯಿ ಬಿಡೋದೇ ಅಪರೂಪ. ಬಿಟ್ರೆ ಸುಳ್ಳು ಹೇಳೋಳಲ್ಲ."

ದರ್ಜಿ ಅವಳ ಕಡೆ ತಿರುಗುತ್ತಾಳೆ. ಫೋನ್ ನೋಡುವುದು ಬಿಟ್ಟು ಮುಖವನ್ನೇ ನೋಡುತ್ತಾಳೆ. "ಏನಮ್ಮ ತಂಗಿ, ತಗೊಳ್ಲಾ?"

ಗಾರ್ಡಕ್ಕನ ಕಣ್ಣ ಮುಂದೆ ಕಿಟಕಿಯ ಪಕ್ಕದ ಹಾಸಿಗೆ ಸುಳಿಯುತ್ತದೆ, ಅಕ್ಕನ ಮುಖ ಸುಳಿಯುತ್ತದೆ. ಅವಳು ಕೈ ಚಾಚಿ ಫೋನ್ ತೆಗೆದುಕೊಳ್ಳುತ್ತಾಳೆ. ಮೂಲೆಗೆ ಉಗುರು ಕೊಟ್ಟು ತನ್ನದೇ ಕೈಯ ಚೊಕ್ಕ ಕೆಲಸವನ್ನು ಅಂಚಿನಿಂದ ಅಂಚಿಗೆ ಸರ್ರನೆ ಎಬ್ಬಿಸುತ್ತಾಳೆ. "ಏಯ್, ಏನು ಮಾಡ್ತಿದೀಯೇ!" ಎಂದು ಭಾವ ಕುರ್ಚಿಯಿಂದ ಏಳುತ್ತಾನೆ. ಅವಳು ಬೆತ್ತಲೆ ಗಾಜನ್ನು ದೀಪಕ್ಕೆ ಓರೆಯಾಗಿ ಹಿಡಿಯುತ್ತಾಳೆ. ಮೂಲೆಯಿಂದ ಮೂಲೆಗೆ ಒಂದು ಬಿಳಿಗೆರೆ ಮಿಂಚುತ್ತದೆ.

ಅವಳು ಮೂಗಿನ ಮೇಲಿನ ಬಟ್ಟೆಯನ್ನು ಕೆಳಗೆಳೆಯುತ್ತಾಳೆ.

"ತಗೋಬೇಡಿ ಅಕ್ಕ. ಗಾಜು ಸೀಳಿದೆ. ಕಾಣದ ಹಾಗೆ ಮುಚ್ಚಿದ್ದು ನಾನೇ."