ಫಿಟ್ ಮಾಡಿದವರ ಸಹಿ

2023ರ ಏಪ್ರಿಲ್. ಆರ್‌ಪಿಸಿ ಲೇಔಟಿನಲ್ಲಿ ನನ್ನದೇ ಕಂಪ್ಯೂಟರ್ ರಿಪೇರಿ ಅಂಗಡಿ ತೆರೆದು ಆರು ವರ್ಷವಾಗಿತ್ತು. ಅದಕ್ಕೂ ಮೊದಲು ಒಂಬತ್ತು ವರ್ಷ ವಿಜಯನಗರದಲ್ಲಿ ನಾಗಭೂಷಣ ಎಂಬವರ ಅಂಗಡಿಯಲ್ಲಿ ಬೆಂಚಿನ ಕೆಲಸ ಮಾಡಿದ್ದೆ. ಬೆಂಚಿನ ಕೆಲಸವೆಂದರೆ ಒಳಗೆ ಕೂತು ಯಂತ್ರ ಬಿಚ್ಚಿ ಸರಿಮಾಡುವುದು. ಗಿರಾಕಿಯ ಮುಖ ನೋಡುವುದು, ಶಭಾಷ್ ಎನಿಸಿಕೊಳ್ಳುವುದು ಕೌಂಟರಿನವರ ಕೆಲಸ. ಈ ಪ್ರಕರಣವನ್ನು ಬರೆಯಲು ತಾಂತ್ರಿಕ ಕಾರಣವೂ ಇದೆ, ಸೇಡಿನ ಕಾರಣವೂ ಇದೆ. ಎರಡನೆಯದೇ ದೊಡ್ಡದು ಎಂದು ಮೊದಲೇ ಒಪ್ಪಿಕೊಂಡುಬಿಡುತ್ತೇನೆ.

ನಾಗಭೂಷಣರ ಅಂಗಡಿಯಲ್ಲಿ ಪ್ರತಿ ಕೆಲಸಕ್ಕೂ ಒಂದು ಚೀಟಿ. ಅದರ ಕೊನೆಯಲ್ಲಿ ‘ಫಿಟ್ ಮಾಡಿದವರು’ ಎಂಬ ಸಾಲು. ಒಂಬತ್ತು ವರ್ಷ ಕೆಲಸ ನನ್ನದು, ಆ ಸಾಲಿನಲ್ಲಿ ಸಹಿ ಅವರದು. “ಓನರ್ ಕೈಯಿಂದಾನೇ ಆಯ್ತು ಅಂದ್ರೆ ಗಿರಾಕಿಗೆ ನಂಬಿಕೆ ಕಣಮ್ಮ” ಎನ್ನುತ್ತಿದ್ದರು. 2016ರಲ್ಲಿ ಒಬ್ಬ ಫೋಟೋಗ್ರಾಫರರ ಡಿಸ್ಕನ್ನು ಅವರೇ ಅವಸರದಲ್ಲಿ ಅಳಿಸಿಬಿಟ್ಟರು. ಯಾರದೋ ಮದುವೆಯ ಚಿತ್ರಗಳೆಲ್ಲ ಹೋದವು. ಗಿರಾಕಿ ಬಂದು ಕೂಗಾಡಿದಾಗ ನನ್ನನ್ನು ಕೌಂಟರಿಗೆ ಕರೆದು, “ಇವಳೇ ಸಾರ್ ಮಾಡಿದ್ದು. ಕೇಳಮ್ಮ, ಕ್ಷಮೆ ಕೇಳು” ಎಂದರು. ಅವರ ಸಹಿಯಿದ್ದ ಚೀಟಿ ಅಲ್ಲೇ, ನನ್ನ ಕಣ್ಣೆದುರೇ ಬಿದ್ದಿತ್ತು. ಕೈ ಮುಗಿದು “ತಪ್ಪಾಯ್ತು ಸಾರ್” ಎಂದೆ. ಮರುದಿನವೇ ಕೆಲಸ ಬಿಟ್ಟೆ. ಆದರೆ ಆ ಎರಡು ಮಾತು ನನ್ನನ್ನು ಬಿಡಲಿಲ್ಲ. ಏಳು ವರ್ಷ, ಅಡುಗೆ ಮಾಡುವಾಗಲೂ ಬಸ್ಸಿನಲ್ಲಿ ಕೂತಾಗಲೂ, ಅವತ್ತು ಹೇಳಬೇಕಾಗಿದ್ದ ಉತ್ತರವನ್ನು ಮನಸ್ಸಿನಲ್ಲೇ ಹೇಳಿಕೊಂಡಿದ್ದೇನೆ.

ಆ ಏಪ್ರಿಲ್‌ನ ಒಂದು ಸೋಮವಾರ ಕುರುಬರಹಳ್ಳಿಯಿಂದ ವೀರಭದ್ರಪ್ಪನವರು ಬಂದರು. ದಾವಣಗೆರೆ ಕಡೆಯವರು, ಮೂವತ್ತೊಂದು ವರ್ಷ ದೂರದ ಮಾರ್ಗಗಳಲ್ಲಿ ಬಸ್ ಓಡಿಸಿ ನಿವೃತ್ತರಾದವರು. ಕೈ ನಡುಕ ಶುರುವಾದ ಮೇಲೆ ಡಾಕ್ಟರು ಸ್ಕೂಟರನ್ನೂ ಬೇಡವೆಂದಿದ್ದರು. ಹಾಗಾಗಿ ಮನೆಯಲ್ಲೇ ಕಂಪ್ಯೂಟರಿಗೆ ಸ್ಟಿಯರಿಂಗು, ಪೆಡಲು ಜೋಡಿಸಿಕೊಂಡು ಬಸ್ ಓಡಿಸುವ ಗೇಮ್ ಆಡುತ್ತಿದ್ದರು. ಜೊತೆಗೆ ಮಗ ಮಹೇಶ್ ಸಿಸ್ಟಮ್ ಹೊತ್ತು ತಂದಿದ್ದ.

ತಿಂಗಳ ಹಿಂದೆ ಹಳೆಯ ಹಾರ್ಡ್ ಡಿಸ್ಕ್ ತೆಗೆಸಿ ಎನ್‌ವಿಎಂಇ ಎಸ್‌ಎಸ್‌ಡಿ ಹಾಕಿಸಿದ್ದರು. ಇದು ಬೆರಳುದ್ದದ ಪಟ್ಟಿ. ಮದರ್‌ಬೋರ್ಡಿನ ಮೇಲೇ ಕೂರುತ್ತದೆ, ಹಾರ್ಡ್ ಡಿಸ್ಕಿಗಿಂತ ಎಷ್ಟೋ ಪಾಲು ವೇಗ. ಅವತ್ತಿನಿಂದಲೇ ಕಾಟ. ಗೇಮ್ ಸ್ವಲ್ಪ ಹೊತ್ತು ಓಡಿ ಪರದೆ ಹಾಗೇ ನಿಂತುಬಿಡುತ್ತದೆ, ಇಂಜಿನ್ನಿನ ಸದ್ದು ಒಂದೇ ಸಮನೆ ಗುಂಯ್ ಎನ್ನುತ್ತದೆ, ಆಮೇಲೆ ಎಲ್ಲವೂ ಬಂದ್. ಎರಡು ಸಲ ಅದನ್ನು ಹಾಕಿಸಿದ ಅಂಗಡಿಗೇ ಒಯ್ದಿದ್ದರು. ಅಲ್ಲಿ ಐದು ನಿಮಿಷ ಓಡಿಸಿ ನೋಡಿ, “ಅಂಕಲ್‌ಗೆ ಕೈ ನಡುಗುತ್ತೆ, ಏನೇನೋ ಬಟನ್ ಒತ್ತುತಾರೆ. ಈ ವಯಸ್ಸಲ್ಲಿ ಗೇಮ್ ಯಾಕೆ ಬೇಕು?” ಎಂದು ಕಳಿಸಿದ್ದರಂತೆ. ಮಗನಿಗೂ ಅದೇ ಸರಿಯೆನಿಸಿತ್ತು.

“ಭಾನುವಾರ ಇದನ್ನ ತಂಗಿ ಮನೆಗೆ ಕೊಟ್ಬಿಡ್ತೀನಿ ಮೇಡಂ. ಇವರು ಸಿಟ್ಟಲ್ಲಿ ಊಟಾನೇ ಬಿಡ್ತಾರೆ” ಎಂದ ಮಹೇಶ್.

ವೀರಭದ್ರಪ್ಪನವರು ಮಗನ ಕಡೆ ನೋಡಲಿಲ್ಲ. “ತಾಯೀ, ಮೂವತ್ತೊಂದು ವರ್ಷ ಒಂದು ಆಕ್ಸಿಡೆಂಟ್ ಮಾಡ್ಲಿಲ್ಲ ನಾನು. ತಪ್ಪು ಡ್ರೈವರಂದೋ ಗಾಡೀದೋ, ಅಷ್ಟು ಹೇಳಿಬಿಡು” ಎಂದರು.

ಚೀಟಿ ಕೇಳಿದೆ. ಮಡಿಕೆ ಬಿಚ್ಚಿದರೆ, ನಾಗಭೂಷಣರ ಅಂಗಡಿಯದು. ‘ಫಿಟ್ ಮಾಡಿದವರು’ ಎಂಬಲ್ಲಿ ಅದೇ ಬಾಲ ಸುತ್ತಿದ ಸಹಿ. ತಪ್ಪು ಸಹಿ ಮಾಡಿದ ಈ ಮನುಷ್ಯನದೇ ಆಗಿರಲಿ ದೇವರೇ ಎಂದು ಬೇಡಿಕೊಂಡೆ; ನಾಚಿಕೆಯೇನೂ ಆಗಲಿಲ್ಲ.

ಆದರೆ ಸೇಡು ತೀರಿಸಿಕೊಳ್ಳುವವರು ಊಹೆಯನ್ನು ನಂಬಿ ಹೊರಡಬಾರದು. ನಾಗಭೂಷಣರಿಗೆ ನುಸುಳಿಕೊಳ್ಳಲು ಒಂದು ಸಂದೂ ಉಳಿಯಬಾರದೆಂದು ಬೇರೆ ಎಲ್ಲವನ್ನೂ ಮೊದಲು ಪರೀಕ್ಷಿಸಿದೆ. ರ‍್ಯಾಮ್ ಸರಿಯಿತ್ತು, ಪವರ್ ಸಪ್ಲೈ ಸರಿಯಿತ್ತು, ಗ್ರಾಫಿಕ್ಸ್ ಡ್ರೈವರ್ ಹೊಸದೇ ಇತ್ತು. ಗೇಮ್ ಅಳಿಸಿ ಮತ್ತೆ ಹಾಕಿದರೂ ಅದೇ ಹಾಡು. ವಿಂಡೋಸ್ ತನ್ನೊಳಗೆ ನಡೆದದ್ದನ್ನೆಲ್ಲ ಬರೆದಿಡುವ ಇವೆಂಟ್ ಲಾಗಿನಲ್ಲಿ, ಪರದೆ ನಿಂತ ಹೊತ್ತಿಗೆಲ್ಲ ಒಂದೇ ದೂರು: ಡಿಸ್ಕ್ ಉತ್ತರ ಕೊಡುತ್ತಿಲ್ಲ. ಆದರೆ ಯಾಕೆ?

ಸುಳಿವು ಕೊಟ್ಟದ್ದು ವೀರಭದ್ರಪ್ಪನವರ ಅಭ್ಯಾಸ. ಡ್ಯೂಟಿಯಲ್ಲಿದ್ದಾಗ ಗಾಡಿ ಎಲ್ಲಿ ಕೆಟ್ಟರೂ ಲಾಗ್ ಶೀಟಿನಲ್ಲಿ ಬರೆಯಬೇಕಿತ್ತಲ್ಲ, ಗೇಮಿಗೂ ಹಾಗೇ ಒಂದು ನೋಟ್‌ಬುಕ್ ಇಟ್ಟಿದ್ದರು. ಹೊರಟ ಸಮಯ, ನಿಂತ ಸಮಯ, ನಿಂತ ಜಾಗ. ಇಪ್ಪತ್ತೆರಡು ಟ್ರಿಪ್, ಇಪ್ಪತ್ತೆರಡು ಸಲ ನಿಂತಿದೆ. ಅಕ್ಷರ ನಡುಗಿತ್ತು, ಲೆಕ್ಕ ನಡುಗಿರಲಿಲ್ಲ. ಬೆಳಿಗ್ಗೆ ಹೊರಟರೆ ಇಪ್ಪತ್ತೈದು ನಿಮಿಷದ ಮೇಲೆ ಓಡುತ್ತದೆ. ಮಧ್ಯಾಹ್ನವಾದರೆ ಹದಿನೆಂಟಕ್ಕೇ ನಿಲ್ಲುತ್ತದೆ.

“ಕೈ ನಡುಕ ಯಾವಾಗ ಜಾಸ್ತಿ ಸಾರ್?” ಎಂದು ಕೇಳಿದೆ.

“ಬೆಳಿಗ್ಗೇನೇ. ಮಾತ್ರೆ ನುಂಗಿದ ಮೇಲೆ ಮಧ್ಯಾಹ್ನ ಆರಾಮ.”

ಅಂದರೆ ಕೈ ಹೆಚ್ಚು ನಡುಗುವಾಗ ಗೇಮ್ ಹೆಚ್ಚು ಓಡುತ್ತಿತ್ತು. ಶತ್ರು ಮಧ್ಯಾಹ್ನದ ಸೆಕೆ, ಕೈಯಲ್ಲ. ಗೇಮ್ ಓಡಿಸಿಟ್ಟು ಎಸ್‌ಎಸ್‌ಡಿಯ ಉಷ್ಣಾಂಶ ನೋಡುತ್ತ ಕೂತೆ. ಹದಿನೆಂಟನೇ ನಿಮಿಷಕ್ಕೆ 88 ಡಿಗ್ರಿ ಮುಟ್ಟಿತು, ಪರದೆ ನಿಂತಿತು.

ಆ ಪಟ್ಟಿ ಬಿಸಿಯಾಗದಂತೆ ಮೇಲೊಂದು ಲೋಹದ ಮುಚ್ಚಳವಿರುತ್ತದೆ, ಅದಕ್ಕೆ ಹೀಟ್‌ಸಿಂಕ್ ಎನ್ನುತ್ತಾರೆ. ಅದರ ಒಳಮೈಗೆ ಶಾಖ ಹೀರುವ ಮೆತ್ತನೆಯ ಪ್ಯಾಡ್. ಮುಚ್ಚಳ ಬಿಚ್ಚಿದೆ. ಪ್ಯಾಡಿನ ಮೇಲೆ ನೀಲಿ ಪ್ಲಾಸ್ಟಿಕ್ ಹಾಳೆ ಹಾಗೇ ಇತ್ತು. ಫಿಟ್ ಮಾಡುವ ಮೊದಲು ಕೀಳಲೇಬೇಕಾದ ಹಾಳೆ ಅದು; ಇದ್ದರೆ ಶಾಖ ಮುಚ್ಚಳಕ್ಕೆ ದಾಟುವುದಿಲ್ಲ.

ನಮ್ಮ ಜನಕ್ಕೆ ಹೊಸ ವಸ್ತುವಿನ ಪ್ಲಾಸ್ಟಿಕ್ ಕೀಳಲು ಮನಸ್ಸೇ ಬರುವುದಿಲ್ಲ. ಟಿವಿ ರಿಮೋಟಿನಿಂದ ಕಾರಿನ ಸೀಟಿನವರೆಗೆ ಅದು ತಾನಾಗಿ ಹರಿಯುವ ತನಕ ಇರಬೇಕು. ನಾಗಭೂಷಣರು ಅದನ್ನೇ ಅಂಗಡಿಯ ಕಾನೂನು ಮಾಡಿದ್ದರು: “ಪ್ಲಾಸ್ಟಿಕ್ ಮುಟ್ಟಬೇಡಿ, ಗಿರಾಕಿಗೆ ಹೊಸದು ಅಂತ ಕಾಣ್ಬೇಕು.” ಆ ಮಾತನ್ನು ಅವರ ಬಾಯಲ್ಲೇ ಒಂಬತ್ತು ವರ್ಷ ಕೇಳಿದವಳು ನಾನು. ಹಾಳೆ ಕಿತ್ತು, ಪ್ಯಾಡ್ ಸರಿಯಾಗಿ ಕೂರಿಸಿ ಮತ್ತೆ ಓಡಿಸಿದೆ. ಎರಡು ಗಂಟೆ ಓಡಿದರೂ 61 ಡಿಗ್ರಿ ದಾಟಲಿಲ್ಲ.

ಕೆಲಸ ಅಲ್ಲಿಗೇ ಮುಗಿದಿತ್ತು. ನನ್ನದು ಮುಗಿದಿರಲಿಲ್ಲ. ಶುಕ್ರವಾರ ಬೆಳಿಗ್ಗೆ ಹನ್ನೊಂದಕ್ಕೆ, ಅಂಗಡಿ ತುಂಬಿರುವ ಹೊತ್ತು ನೋಡಿಕೊಂಡೇ, ತಂದೆ ಮಗ ಇಬ್ಬರನ್ನೂ ಕರೆದುಕೊಂಡು ವಿಜಯನಗರಕ್ಕೆ ಹೋದೆ. ನಾಗಭೂಷಣರಿಗೆ ಕೂದಲು ನರೆತಿತ್ತು. “ಓ ಶೈಲಜಾ! ಚೆನ್ನಾಗಿದೀಯಾ?” ಎಂದರು. ನೀಲಿ ಹಾಳೆಯನ್ನು ಕೌಂಟರಿನ ಮೇಲಿಟ್ಟೆ. ಅದೇನೆಂದು ಅಲ್ಲಿದ್ದ ನಾಲ್ಕೈದು ಗಿರಾಕಿಗಳಿಗೂ ಕೇಳುವಂತೆ ವಿವರಿಸಿದೆ.

ಅವರ ಮುಖ ಕಪ್ಪಿಟ್ಟದ್ದು ಒಂದೇ ಕ್ಷಣ. ತಿರುಗಿ ಒಳಗೆ ಕೂಗಿದರು: “ಮಂಜುಳಾ, ಬಾಮ್ಮ ಇಲ್ಲಿ. ಇವಳೇ ಸಾರ್ ಫಿಟ್ ಮಾಡಿದ್ದು. ಕೇಳಮ್ಮ, ಕ್ಷಮೆ ಕೇಳು.”

ಒಂದು ಅಕ್ಷರವೂ ಬದಲಾಗಿರಲಿಲ್ಲ. ಒಳಗಿನಿಂದ ಬಂದ ಹೆಂಗಸಿಗೆ ಮೂವತ್ತೈದರ ಆಸುಪಾಸು. ಕೈಯಲ್ಲಿ ಸ್ಕ್ರೂಡ್ರೈವರ್ ಹಾಗೇ ಇತ್ತು. ಅವಳು ಕೈ ಜೋಡಿಸುವುದರೊಳಗೆ ನಾನು ಚೀಟಿ ತೆಗೆದು ಹಾಳೆಯ ಪಕ್ಕ ಇಟ್ಟೆ.

“ಫಿಟ್ ಮಾಡಿದವರು ಅನ್ನೋ ಕಡೆ ಸಹಿ ಯಾರದು, ಓದಿ ಸಾರ್.”

ಅವರು ಓದಲಿಲ್ಲ. “ಅದು ಸುಮ್ನೆ ಫಾರ್ಮಾಲಿಟಿ ಕಣಮ್ಮ...”

“ನನ್ನ ಒಂಬತ್ತು ವರ್ಷಾನೂ ಫಾರ್ಮಾಲಿಟೀನಾ? ಹೊಗಳಿಕೆ ಬಂದಾಗ ಕೈ ನಿಮ್ಮದು, ಬೈಗುಳ ಬಂದಾಗ ನಮ್ಮದಾ?”

ಆಗ ಮಂಜುಳಾ ಮೆಲ್ಲಗೆ, ಆದರೆ ಎಲ್ಲರಿಗೂ ಕೇಳುವಂತೆ ಅಂದಳು: “ಕೀಳ್ಲಾ ಅಂತ ಕೇಳಿದ್ದೆ ಸಾರ್. ಪ್ಲಾಸ್ಟಿಕ್ ಮುಟ್ಟಬೇಡ ಅಂದ್ರಿ.”

ಅವಳ ಬಾಯಿ ನನ್ನ ಬಾಯಿಗಿಂತ ಗಟ್ಟಿಯಿತ್ತು. ವೀರಭದ್ರಪ್ಪನವರು ಕೌಂಟರಿಗೆ ಎರಡೂ ಕೈ ಊರಿ ನಿಂತು, “ಹೇಳಿ ಸಾಹೇಬ್ರೆ, ತಪ್ಪು ಡ್ರೈವರಂದೋ, ಗಾಡೀದೋ?” ಎಂದರು. ನಾಗಭೂಷಣರು ಗಿರಾಕಿಗಳನ್ನೊಮ್ಮೆ, ಚೀಟಿಯನ್ನೊಮ್ಮೆ ನೋಡಿದರು. ಕೊನೆಗೆ ಕೈ ಮುಗಿದು “ತಪ್ಪಾಯ್ತು ಸಾರ್” ಎಂದರು.

ನನ್ನದೇ ಎರಡು ಮಾತು, ಏಳು ವರ್ಷದ ಮೇಲೆ, ಅವುಗಳ ನಿಜವಾದ ಯಜಮಾನನ ಬಾಯಲ್ಲಿ. ಕ್ಷಮಿಸುವುದು ದೊಡ್ಡ ಗುಣ ಎನ್ನುತ್ತಾರೆ. ಇರಬಹುದು. ನನಗಂತೂ ಅವತ್ತು ಮಧ್ಯಾಹ್ನ ಊಟ ಎಂದಿಗಿಂತ ರುಚಿಸಿತು.

ಸಿಸ್ಟಮ್ ಭಾನುವಾರ ತಂಗಿಯ ಮನೆಗೆ ಹೋಗಲಿಲ್ಲ. ಅವತ್ತು ಅಂಗಡಿಯಿಂದ ಹೊರಗೆ ಬಂದ ಮೇಲೆ ಮಹೇಶ್ ಅಪ್ಪನಿಗೆ ಏನೋ ಹೇಳಲು ಹೋದ. “ನೀನು ಕ್ಷಮೆ ಮನೇಲಿ ಕೇಳು, ರೋಡಲ್ಲಿ ಬೇಡ” ಎಂದು ಮುದುಕರು ಮುಂದೆ ನಡೆದರು.

ಈ ಕೆಲಸ ಕಲಿಸಿದ ಪಾಠ ಒಂದೇ: ಯಂತ್ರ ಮುಟ್ಟಿದವರೇ ಸಹಿ ಮಾಡಬೇಕು, ಸಹಿ ಮಾಡಿದವರೇ ಎದುರು ನಿಲ್ಲಬೇಕು. ಅವತ್ತು ನನ್ನ ಅಂಗಡಿಯ ಚೀಟಿಯಲ್ಲಿ ಸಹಿಯ ಬದಲು ಪೂರ್ತಿ ಹೆಸರನ್ನೇ ದಪ್ಪಕ್ಷರದಲ್ಲಿ ಬರೆದುಕೊಟ್ಟೆ. ವೀರಭದ್ರಪ್ಪನವರು ಕನ್ನಡಕ ಹಾಕಿಕೊಂಡು, “ಫಿಟ್ ಮಾಡಿದವರು: ಶೈಲಜಾ” ಎಂದು ಗಟ್ಟಿಯಾಗಿ ಓದಿದರು. ಹದಿನೈದು ವರ್ಷದ ಕೆಲಸದಲ್ಲಿ ಒಬ್ಬ ಗಿರಾಕಿ ಆ ಸಾಲನ್ನು ಓದಿ ಹೇಳಿದ್ದು ಅದೇ ಮೊದಲು.